ಬುಕ್ಕಾಂಬುಧಿಯ ತಿರುವೂ ಮುಖ್ಯ ಶಾಖೆಯೂ

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿ ತುದಿಯಿಂದ ವಾಪಸ್ಸು ಬಂದು ನೋಡುವ ಜಾತಿ ನನ್ನದು. ವಿಶ್ವವಿದ್ಯಾಲಯ ಎಲ್ಲವನ್ನೂ ಅನುಮಾನಿಸಲು ಕಲಿಸಿತು. ವಯಸ್ಸು ನನ್ನ ನೆನಪನ್ನೂ ಆ ಅನುಮಾನದ ಪಟ್ಟಿಗೆ ಸೇರಿಸಿತು. ಇಂಥವನಿಗೆ ಗಿಟ್ ಎಂಬ ತಂತ್ರಾಂಶ ಸಿಕ್ಕಿದ್ದು ಪುಣ್ಯ. ಯಾವ ಸಾಲನ್ನು ಯಾರು ತಿದ್ದಿದರೆಂದು ಅದು ಮರೆಯುವುದೇ ಇಲ್ಲ. ಆ ಧೈರ್ಯದ ಮೇಲೆ ಕಡೂರಿನಲ್ಲಿ ಕೂತು ನಮ್ಮ ಸೀಮೆಯ ಬಸ್ಸುಗಳ ಆ್ಯಪ್ ಶುರುಮಾಡಿದೆ. ಅದರ ಕೋಡು ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ತಮ್ಮದೊಂದು ಶಾಖೆ, ಅಂದರೆ ಬೇರೆ ಪ್ರತಿ, ಮಾಡಿಕೊಂಡು ತಿದ್ದಿ ಕಳಿಸಬಹುದು. ಅದನ್ನು ಮುಖ್ಯ ಶಾಖೆಗೆ ಸೇರಿಸುವ ಅಧಿಕಾರ ಮಾತ್ರ ನನ್ನದು. ಹಳೇ ಕಾಲದ ಅಮಲ್ದಾರನಿಗೂ ಇಷ್ಟು ಗತ್ತು ಇದ್ದಿರಲಿಕ್ಕಿಲ್ಲ!

ಹೊರಗಿನಿಂದ ಬಂದ ಮೊದಲ ತಿದ್ದುಪಡಿ ಅಜ್ಜಂಪುರದ ನಸೀಮಾ ಅವರದು. ಮೆಡಿಕಲ್ ಶಾಪ್ ನಡೆಸುತ್ತ ಬಿಡುವಿನಲ್ಲಿ ಕೋಡು ಬರೆಯುವವರು. ಕುಣಿದಾಡಿಬಿಟ್ಟೆ. ಆಮೇಲೆ ಓದಿದೆ. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಮಧ್ಯಾಹ್ನದ ಖಾಸಗಿ ಬಸ್ಸು ದಾರಿಯಲ್ಲಿ ತಿರುಗಿ ಬುಕ್ಕಾಂಬುಧಿ ಊರೊಳಗೆ ಹೋಗುತ್ತದೆ ಎಂದು ಬರೆದಿದ್ದರು. ನೇರ ಹೋಗುತ್ತದೆ ಎಂದು ನನ್ನ ನೆನಪು. ತಿರಸ್ಕರಿಸಿದೆ.

ನಸೀಮಾ ಅವರ ಫೋನ್ ಬಂತು. "ಸೇರ್ಸಲ್ಲ ಅಂದ್ರೆ ಬಿಡಿ ಸಾರ್. ಪೂರ್ತಿ ನಕಲು ಮಾಡ್ಕೊಂಡು ಅಜ್ಜಂಪುರಕ್ಕೇ ಬೇರೆ ಆ್ಯಪ್ ಮಾಡ್ತೀನಿ."

ಮುಕ್ತ ಕೋಡಿನಲ್ಲಿ ಅದಕ್ಕೆ ಎಲ್ಲರಿಗೂ ಹಕ್ಕಿದೆ. ಇರುವ ಒಂದು ಬಸ್ಸಿಗೆ ಎರಡು ಆ್ಯಪ್, ಎರಡು ಸತ್ಯ! ಬಸ್ಸನ್ನೇ ಹತ್ತಿ ನೋಡೋಣ ಎಂದೆ.

ಅಜ್ಜಂಪುರದಲ್ಲಿ ಹತ್ತಿದೆವು. ತಿರುವು ಬರುತ್ತಿದ್ದಂತೆ ಕೊನೆಯ ಓವರ್ ನೋಡುವವರ ಹಾಗೆ ಇಬ್ಬರೂ ಕಿಟಕಿಗೆ ಅಂಟಿಕೊಂಡೆವು. ಬಸ್ಸು ನಿಂತಿತು. ಕಂಡಕ್ಟರ್ ಕೂಗಿದ: "ಬುಕ್ಕಾಂಬುಧಿಯೋರು ಯಾರಾದ್ರೂ ಇದೀರೇನ್ರಪ್ಪಾ? ಇಲ್ಲಾಂದ್ರೆ ನೆಟ್ಟಗೆ ಹೊಡೀತೀವಿ!"

ಆಹಾ! ಇಳಿಯುವವರಿದ್ದರೆ ಒಳಗೆ, ಇಲ್ಲದಿದ್ದರೆ ನೇರ. ಒಂದೇ ಸಾಲಿಗೆ ನಾವಿಬ್ಬರೂ ಜಗಳವಾಡಿದ್ದೆವು, ಬಸ್ಸು ಎರಡೂ ಶಾಖೆಗಳಲ್ಲಿ ಆರಾಮಾಗಿ ಓಡಾಡಿಕೊಂಡಿತ್ತು. ಆ ದಿನ ಇಳಿಯುವವರು ಯಾರೂ ಇರಲಿಲ್ಲ. ಸುಮ್ಮನಿದ್ದರೆ ಗೆಲುವು ನನ್ನದೇ.

"ಗೆದ್ರಿ ಬಿಡಿ ಸಾರ್," ಎಂದರು ನಸೀಮಾ, ಮುಖ ತಿರುಗಿಸಿಕೊಂಡು.

ನಾನು ಎದ್ದು ನಿಂತೆ. "ನಾನಿದೀನಿ ಕಣ್ರೀ, ಒಳಗೆ ತಿರುಗ್ಸಿ!"

"ತರೀಕೆರೆಗೆ ಟಿಕೆಟ್ ತಗೊಂಡು ಇಲ್ಲೇನ್ರೀ ಕೆಲ್ಸ?" ಎಂದು ಕಂಡಕ್ಟರ್ ಗೊಣಗಿದ. ಬಸ್ಸು ತಿರುಗಿತು. ನಸೀಮಾ ನಗುತ್ತ ನನ್ನ ಹಿಂದೆಯೇ ಇಳಿದರು.

ಕೆರೆ ಏರಿಯ ಮೇಲೆ ಕೂತು 'ಇಳಿಯುವವರಿದ್ದರೆ' ಎಂಬ ಷರತ್ತನ್ನು ಅವರು ಮೊಬೈಲಿನಲ್ಲೇ ಬರೆದರು, ನಾನು ಸೇರಿಸಿದೆ. ಸೇರಿಸುವ ಅಧಿಕಾರವನ್ನೂ ಅವರೊಂದಿಗೆ ಹಂಚಿಕೊಂಡೆ. ಬೇರೆ ಆ್ಯಪಿನ ಮಾತು ಮತ್ತೆ ಬರಲಿಲ್ಲ.

ಇಲ್ಲಿಂದ ವಾಪಸ್ ಬಸ್ಸು ಯಾವಾಗ ಎಂದು ಹುಡುಕಿದೆವು. ನಮ್ಮ ಆ್ಯಪಿನಲ್ಲಿ ಇರಲೇ ಇಲ್ಲ. "ನನಗೆ ನೆನಪಿರೋ ಹಾಗೆ..." ಎಂದು ಬಾಯಿ ತೆರೆದವನು ಅಲ್ಲಿಗೇ ನಿಲ್ಲಿಸಿ, ರಸ್ತೆಯಲ್ಲಿ ಹೋಗುತ್ತಿದ್ದವರನ್ನು ಕೇಳಲು ಎದ್ದೆ.