ಮಳೆಯಲ್ಲಿ ನೋಡಿದ ಬೀದಿ

ತಿರುವನಂತಪುರದ ಉಳ್ಳೂರಿನ ಹತ್ತಿರ ಮನೆಯೊಂದು ಮಾರಾಟಕ್ಕಿದೆ ಎಂದು ತಿಳಿದಾಗ ನನ್ನ ಹೆಂಡತಿ ಮನೆಯ ಬಗ್ಗೆ ಏನೂ ಕೇಳಲಿಲ್ಲ. "ಜೋರು ಮಳೆ ಬರೋ ದಿನ ನೋಡ್ಕೊಂಡು ಹೋಗೋಣ ರೀ" ಅಂದಳು.

ಕಾರಣವಿತ್ತು. ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಕೊಚ್ಚಿಗೆ ಬಂದ ಹೊಸತರಲ್ಲಿ, ಒಂದು ಭಾನುವಾರ ಮಧ್ಯಾಹ್ನ ಮಟ್ಟಾಂಚೇರಿಯ ಬಾಡಿಗೆ ಮನೆಯೊಂದಕ್ಕೆ ಮಾರುಹೋಗಿದ್ದೆವು. ಗಾಳಿಯಲ್ಲಿ ಶುಂಠಿ, ಮೆಣಸಿನ ಘಮ. ಬೀದಿಯಲ್ಲಿ ನರಪಿಳ್ಳೆಯ ಸುಳಿವಿಲ್ಲ. ಸೇರಿಕೊಂಡ ಮೇಲೆ ನೋಡಿದರೆ, ವಾರದ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಎದುರಿನ ಗೋದಾಮಿಗೆ ಲಾರಿಗಳ ಸಾಲು. ತಿರುವನಂತಪುರಕ್ಕೆ ವರ್ಗವಾಗುವವರೆಗೂ ನಮಗೆ ಅಲಾರಂ ಬೇಕಾಗಲಿಲ್ಲ.

ಹಾಗಾಗಿ ಉಳ್ಳೂರಿಗೆ ಏಜೆಂಟನಿಗೂ ಹೇಳದೆ, ಸುರಿಯುವ ಮಳೆಯಲ್ಲೇ ಹೋದೆವು. ನಾನು ಪ್ಯಾಂಟು ಮೇಲಕ್ಕೆ ಮಡಚಿ, ಹೆಂಡತಿ ಮಗಳು ಒಂದೇ ಕೊಡೆಯಲ್ಲಿ, ಬಗ್ಗಿ ಬಗ್ಗಿ ಚರಂಡಿ ನೋಡುತ್ತ ನಡೆದೆವು. ಆ ಮನೆಯ ಪಕ್ಕದ ಜಗಲಿಯಿಂದ ವಯಸ್ಸಾದ ಹೆಂಗಸೊಬ್ಬರು, ಏನಾದರೂ ಕಳೆದುಹೋಯಿತೇ ಎಂದು ಮಲಯಾಳದಲ್ಲಿ ಕೂಗಿ ಕೇಳಿದರು. ನಾನು ಮಾತಿಗೆ ತಡಕಾಡುತ್ತಿರುವಾಗ, ಕೇರಳದಲ್ಲೇ ಬೆಳೆದ ಮಗಳು ನೇರವಾಗಿ, "ಅಮ್ಮೂಮ್ಮೇ, ಇವಿಡೆ ವೆಳ್ಳಂ ಕೇರುಮೋ?" ಎಂದಳು. ಅಜ್ಜಿ, ಇಲ್ಲಿ ನೀರು ನುಗ್ಗುತ್ತಾ ಎಂದು.

ಅವರು ನಕ್ಕುಬಿಟ್ಟರು. ಒಳಗೆ ಕರೆದು ಟವೆಲ್ ಕೊಟ್ಟು, ಹಾಲಿಲ್ಲದ ಕಟ್ಟನ್ ಚಹಾದ ಜೊತೆ ಪಳಂಪೊರಿ, ಅಂದರೆ ಬಿಸಿ ಬಾಳೆಹಣ್ಣಿನ ಬಜ್ಜಿ, ಇಟ್ಟರು. ನೀರು ತಿರುವಿನಲ್ಲಿ ನಿಲ್ಲುತ್ತದೆ, ಮೆಟ್ಟಿಲು ಹತ್ತಿಲ್ಲ ಎಂದರು. ನಾವು ನೋಡಬಂದ ಮನೆಗೆ ಬೇಸಿಗೆಯಲ್ಲಿ ಬಾವಿ ನೀರು ಸಾಲುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆಮೇಲೆ ವಿಚಾರಣೆ ನಮ್ಮದಾಯಿತು. ಯಾವ ಊರು, ಬೆಳಗ್ಗೆ ಏಳುವುದು ಎಷ್ಟಕ್ಕೆ, ಟಿವಿ ಜೋರಾಗಿ ಹಾಕುತ್ತೀರಾ. ಕೊನೆಗೆ ಮಗಳ ಕಡೆ ತಿರುಗಿ, ಕೇರಂ ಬರುತ್ತದೆಯೇ ಎಂದರು.

ಮಳೆ ನಿಂತರೂ ಅವರಿಬ್ಬರ ಆಟ ಮುಗಿಯಲಿಲ್ಲ.

"ಮನೆ ಒಳಗಡೆ ಇನ್ನೂ ನೋಡೇ ಇಲ್ವಲ್ರೀ" ಎಂದು ಹೆಂಡತಿ ಪಿಸುಗುಟ್ಟಿದಳು. ಮುಂದಿನ ವಾರ ನೋಡಿದೆವು. ಅಡುಗೆಮನೆ ಅವಳು ಬಯಸಿದ್ದಕ್ಕಿಂತ ಚಿಕ್ಕದು. ಬಾವಿಯನ್ನು ಇನ್ನಷ್ಟು ಆಳ ಮಾಡಿಸುವ ಖರ್ಚು ಬೇರೆ. ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದವಳು, "ಇರಲಿ ಬಿಡಿ, ಅಡುಗೆಮನೆ ದೊಡ್ಡದು ಮಾಡಿಸ್ಬಹುದು. ಅಂಥ ಪಕ್ಕದ್ಮನೆ ಎಲ್ಲಿಂದ ತರೋದು?" ಅಂದಳು.

ಕೊಂಡೆವು. ಬಂದ ಮೇಲೆ ಅಮ್ಮೂಮ್ಮ ನನ್ನ ಹೆಂಡತಿಯಿಂದ ಕನ್ನಡದ ಎರಡು ಮಾತು ಕಲಿತರು. ಈಗ ನಾನು ಬೆಳಗ್ಗೆ ಹಾಲು ತರಲು ಹೊರಟರೂ ಗೋಡೆಯಾಚೆಯಿಂದ ಕೇಳುತ್ತಾರೆ, "ಊಟ ಆಯ್ತಾ?"

ಆಯ್ತು ಅಂತಲೇ ಹೇಳುತ್ತೇನೆ.