ದನಿಯ ಹಿಂದೆ ನಡೆದ ಪೇಟಿ

ಮಿಶನ್ನಿನ ಹೆಂಗಸರನ್ನು ನಮ್ಮ ಕಡೆ ಬಾಯಾರು ಎನ್ನುತ್ತಾರೆ. ಅಂಥ ಬಾಯಾರೊಬ್ಬರಿಗೆ ಕನ್ನಡ ಕಲಿಸಲು ಒಪ್ಪಿಕೊಂಡಾಗ ನಾನು ಹೇಳಿದ್ದು ಎರಡೇ ಮಾತು. ಚರ್ಚಿನೊಳಗೆ ಬಂದು ಕೂರುತ್ತೇನೆ, ಹಾಡುವುದಿಲ್ಲ. ನನ್ನ ಮನೆಯ ವಿಷಯ ಯಾರೂ ಕೇಳಬಾರದು. ಬಾಯಾರು ಎರಡಕ್ಕೂ ತಲೆಯಾಡಿಸಿದರು. ನನ್ನ ಮನೆಯ ವಿಷಯವನ್ನೂ ನೀವು ಕೇಳಬಾರದು ಎಂದು ಇಂಗ್ಲಿಷಿನಲ್ಲಿ ಸೇರಿಸಿದರು. ಅಲ್ಲಿಂದ ನಮಗಿಬ್ಬರಿಗೂ ಹೊಂದಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಬೆಳಗಾವಿಯ ಹಿಂದವಾಡಿಯ ಮನೆಗೆ ಮರಳಿದ್ದೆ. ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತಿದ್ದೆ. ಬಾಯಾರು ಸ್ಕಾಟ್ಲೆಂಡಿನ ಯಾವುದೋ ಬಂದರಿನ ಊರಿನವರು. ಐವತ್ತು ದಾಟಿದವರು, ಮದುವೆಯಾಗಿರಲಿಲ್ಲ. ತಮ್ಮೂರ ಚರ್ಚಿನಲ್ಲಿ ಆರ್ಗನ್ ನುಡಿಸಿಯೇ ಆಯುಷ್ಯ ಕಳೆದವರು ಈಗ ಮಿಶನ್ ಕೆಲಸಕ್ಕೆಂದು ಸಮುದ್ರ ದಾಟಿ ನಮ್ಮ ಕಡೆ ಬಂದಿದ್ದರು. ಖಾನಾಪುರದ ಸಣ್ಣ ಚರ್ಚಿನ ಸಭೆಗೆ ಹಾಡುವುದನ್ನು ಕಲಿಸುವುದು ಅವರಿಗೆ ವಹಿಸಿದ ಕೆಲಸ. ಬೆಳಗಾವಿಯ ಪಾದ್ರಿಗಳು ಅಪ್ಪನ ಹಳೆಯ ಸ್ನೇಹಿತರು. ಅವರ ಮೂಲಕವೇ ನನಗೆ ಈ ಕೆಲಸ ಬಂದದ್ದು.

ನಮ್ಮದು ಲಿಂಗಾಯತರ ಮನೆ. ಸೋದರಮಾವ ನಮ್ಮ ಜೊತೆಗೇ ಇರುತ್ತಿದ್ದ. ವಿಷಯ ತಿಳಿದ ದಿನ ಅವನು ಊಟದ ತಾಟಿನಿಂದ ತಲೆ ಎತ್ತದೆ ಕೇಳಿದ: "ಎಂ.ಎ. ಮಾಡಿದ್ದು ಚರ್ಚಿನ್ಯಾಗ ಹಾಡಾಕೇನು?"

"ಹಾಡಾಕಲ್ಲ ಮಾಮಾ, ಕಲಿಸಾಕ."

"ಇವತ್ತ ಕಲಿಸಾಕ, ನಾಳಿ ಹಾಡಾಕ."

ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ನೀ ಏಳೂರ ಭಜನಿಗೆ ಹೋಗಿ ಪೇಟಿ ಬಾರಿಸಿ ಬರ್ತಿ. ನಿನಗ್ಯಾರರ ಕೇಳ್ಯಾರೇನು? ಉಣ್ಣು ಸುಮ್ನ."

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಮಾವನ ಪೇಟಿಗೆ ಓಣಿಯಲ್ಲಿ ಹೆಸರಿತ್ತು.

ಶನಿವಾರ ಮಧ್ಯಾಹ್ನ ಬಾಯಾರು ಮತ್ತು ನಾನು ಪ್ಯಾಸೆಂಜರ್ ರೈಲು ಹಿಡಿದು ಖಾನಾಪುರಕ್ಕೆ ಹೋಗುತ್ತಿದ್ದೆವು. ರೈಲಿನಲ್ಲಿ ಕ್ರಿಯಾಪದಗಳನ್ನು ಹೇಳಿಕೊಡುತ್ತಿದ್ದೆ. ದೇಸೂರು ದಾಟುವ ಹೊತ್ತಿಗೆ ಅವರು ಭೂತಕಾಲ ಮುಗಿಸಿ ಭವಿಷ್ಯತ್ತಿಗೆ ಬಂದಿರುತ್ತಿದ್ದರು. ನಾನು ಕಲಿಸಿದ್ದು ಪುಸ್ತಕದ ಕನ್ನಡ, ಆದ್ದರಿಂದ ಅವರು ಆಡಿದ್ದೂ ಅದೇ. "ದಯವಿಟ್ಟು ಆಸೀನರಾಗಿರಿ" ಎಂದು ಅವರು ಹೇಳಿದಾಗ ಖಾನಾಪುರದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಚರ್ಚಿನಲ್ಲಿ ಕಾಲಿನಿಂದ ತುಳಿದು ನುಡಿಸುವ ಹಳೆಯ ಆರ್ಗನ್ ಒಂದಿತ್ತು. ಅಲ್ಲಿಯ ಮಳೆಗೆ ಅದರ ಕಟ್ಟಿಗೆ ಉಬ್ಬಿ, ಬೆರಳಿನಿಂದ ಒತ್ತುವ ಸ್ವರದ ಮನೆಗಳು ಒತ್ತಿದರೆ ಮೇಲೇಳುತ್ತಲೇ ಇರಲಿಲ್ಲ. ಬಾಯಾರು ಬಂದ ಕೂಡಲೇ ಪಕ್ಕದ ಮನೆಯಿಂದ ಶೆಗಡಿಯಲ್ಲಿ ಕೆಂಡ ತರಿಸಿ ಆರ್ಗನ್ನಿನ ಕೆಳಗೆ ಇಡುತ್ತಿದ್ದರು. ಆಮೇಲೆ ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಮನೆಯನ್ನು ಬೆರಳಿನಿಂದ ಎಬ್ಬಿಸುತ್ತ ಕಾಯುತ್ತಿದ್ದರು. ಬೇಸರ ಎಂಬುದು ಅವರ ಮುಖದಲ್ಲಿ ಕಂಡದ್ದು ನನಗೆ ನೆನಪಿಲ್ಲ.

ಜನ ಬರುತ್ತಿದ್ದರು, ತಪ್ಪದೆ ಬರುತ್ತಿದ್ದರು. ಬಾಯಾರು ಅವರನ್ನು ತಮ್ಮೂರಿನ ಪದ್ಧತಿಯಂತೆ ನಾಲ್ಕು ಗುಂಪಾಗಿ ಕೂರಿಸುತ್ತಿದ್ದರು: ಏರುದನಿಯ ಹೆಂಗಸರು, ಇಳಿದನಿಯ ಹೆಂಗಸರು, ಗಂಡಸರಲ್ಲಿಯೂ ಹಾಗೆಯೇ. ಆರ್ಗನ್ನಿನಲ್ಲಿ ಮೊದಲ ಸಾಲು ನುಡಿಸಿ, ತಲೆ ಎತ್ತಿ ಸನ್ನೆ ಮಾಡುತ್ತಿದ್ದರು. ಎಲ್ಲರೂ ಒಟ್ಟಿಗೆ ಶುರು ಮಾಡಬೇಕು. ಯಾರೂ ಮಾಡುತ್ತಿರಲಿಲ್ಲ. ಎಲ್ಲೋ ಮೂಲೆಯಲ್ಲಿ ಒಂದು ಗೊಣಗು ಎದ್ದು ಅಲ್ಲೇ ಸಾಯುತ್ತಿತ್ತು. ಕೊನೆಗೆ ಎಲ್ಲರೂ "ಛಲೋ ಆತ್ರಿ ಬಾಯಾರ" ಎಂದು ಕೈ ಮುಗಿದು ಮನೆಗೆ ಹೋಗುತ್ತಿದ್ದರು.

ಬಾಯಾರು ಶ್ರುತಿ ಇಳಿಸಿ ನೋಡಿದರು. ನಿಧಾನ ಮಾಡಿ ನೋಡಿದರು. ಹಾಡಿನ ಮಾತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ತೂಗುಹಾಕಿದರು. ಗೊಣಗು ಗೊಣಗಾಗಿಯೇ ಉಳಿಯಿತು.

ಆಷಾಢದಲ್ಲಿ ಪಾದ್ರಿಗಳು ಬಾಯಾರನ್ನು ಕರೆಸಿ ಮಾತಾಡಿದರು. ನಾನೂ ಇದ್ದೆ. ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪಿನ ಚರ್ಚಿನಲ್ಲಿ ಇಂಗ್ಲಿಷ್ ಆರಾಧನೆ ನಡೆಯುತ್ತದೆ, ಅಲ್ಲಿ ಒಳ್ಳೆಯ ಆರ್ಗನ್ ಇದೆ, ನುಡಿಸುವವರಿಲ್ಲ. ಖಾನಾಪುರದವರಿಗೆ ಹಾಡು ಬೇಡವಾದರೆ ಬಾಯಾರ ಸಮಯ ಏಕೆ ಹಾಳಾಗಬೇಕು ಎಂದರು. ಅವರು ಕಟುವಾಗಿ ಏನೂ ಹೇಳಲಿಲ್ಲ. ಭತ್ತದ ಕೊಯ್ಲಾದ ಮೇಲೆ ಬರುವ ಸುಗ್ಗಿ ಹಬ್ಬದ ಆರಾಧನೆಗೆ ತಾವೇ ಖಾನಾಪುರಕ್ಕೆ ಬರುವುದಾಗಿಯೂ, ಆ ದಿನ ಸಭೆ ಹಾಡಿದರೆ ಬಾಯಾರು ಅಲ್ಲಿಯೇ ಮುಂದುವರಿಯಲಿ, ಇಲ್ಲವಾದರೆ ಕ್ಯಾಂಪಿಗೆ ಬರಲಿ ಎಂದೂ ತೀರ್ಮಾನಿಸಿದರು.

ಹೊರಗೆ ಬಂದ ಮೇಲೆ ಬಾಯಾರು ಕೊಡೆ ಬಿಚ್ಚುತ್ತ ಕನ್ನಡದಲ್ಲಿ ಹೇಳಿದರು: "ಕ್ಯಾಂಪಿನವರು ನಾನಿಲ್ಲದೆಯೂ ಹಾಡುತ್ತಾರೆ. ನಾನು ಅವರಿಗಾಗಿ ಬಂದಿಲ್ಲ."

ವಿಭಕ್ತಿ ಪ್ರತ್ಯಯಗಳೆಲ್ಲ ಸರಿಯಾಗಿದ್ದವು.

ಖಾನಾಪುರದ ಸಭೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಮುದುಕಿ ಒಬ್ಬರಿದ್ದರು. ಮಲಪ್ರಭೆಯ ಆಚೆ ದಂಡೆಯಲ್ಲಿ ಅವರ ಗದ್ದೆ. ಮಗ ಸಭೆಯ ಹಿರಿಯ. ಮೊದಲ ಸಾಲಿನಲ್ಲಿ ಅವರಿಗೊಂದು ಖಾಯಂ ಜಾಗ, ಪಕ್ಕದಲ್ಲಿ ಎಲೆಯಡಿಕೆಯ ಚೀಲ. ಮನೆಮಾತು ಮರಾಠಿ, ಕನ್ನಡವೂ ಅಷ್ಟೇ ಸಲೀಸು. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಅವರನ್ನು ಕೇಳಿಯೇ ಬಿಟ್ಟೆ.

"ಆಯಿ, ನಿಮಗ ಹಾಡು ಬರ್ತೈತಿ. ನೀವು ದನಿ ಎತ್ತಿದ್ರ ಉಳಿದವ್ರೂ ಎತ್ತತಾರ."

"ನಾ ಎತ್ತಿದ್ರ ಇದು ಮರಾಠಿ ಮಂದಿ ಹಾಡು ಅಂತಾರ. ಆ ಕಿಡಕಿ ಬಾಜೂಕ ಕುಂತಾಳಲ್ಲ, ಆಕಿ ಎತ್ತಿದ್ರ ಕನ್ನಡದವ್ರ ಹಾಡು ಅಂತಾರ. ಸುಮ್ನ ಕುಂತ್ರ ಯಾರ ಹಾಡೂ ಅಲ್ಲ, ಜಗಳನೂ ಇಲ್ಲ. ದೇವರಿಗಿ ಹೆಂಗೂ ಕೇಳ್ತೈತಿ."

"ಬಾಯಾರಿಗಿ ಕೇಳಂಗಿಲ್ಲಲ್ರಿ."

"ಆಕೀಗಿ ಪೇಟಿ ಐತಲ್ಲ, ಅದನ್ನ ಕೇಳ್ಲಿ" ಎಂದು ಆಯಿ ಚೀಲ ಎತ್ತಿಕೊಂಡು ಹೊರಟರು.

ಊರ ಹೆಸರಿನ ಫಲಕ ಯಾವ ಭಾಷೆಯಲ್ಲಿರಬೇಕು ಎಂದು ಜಗಳವಾಡಿ ಟಾರು ಬಳಿಯುತ್ತಿದ್ದ ಗಡಿ ವಿವಾದದ ಕಾಲ ಅದು. ಒಂದೇ ಬೆಂಚಿನಲ್ಲಿ ಎರಡೂ ಮಾತಿನವರು ಕೂರುತ್ತಿದ್ದ ಆ ಸಣ್ಣ ಚರ್ಚಿನಲ್ಲಿ ಮೌನವೂ ಒಂದು ಸೌಜನ್ಯವಾಗಿತ್ತು. ಇದನ್ನು ರೈಲಿನಲ್ಲಿ ಬಾಯಾರಿಗೆ ವಿವರಿಸಿದೆ. ಇಳಿಯುವಾಗ ಅವರು, ಇದು ಅರ್ಧ ಉತ್ತರ, ಇನ್ನರ್ಧ ಬೇರೆ ಇದೆ ಎಂದರು.

ಶ್ರಾವಣ ಬಂತು. ಸೋಮವಾರ ನಮ್ಮ ಮನೆಯಲ್ಲಿ ಭಜನೆ ಇರುತ್ತಿತ್ತು. ನನ್ನ ಎರಡನೆಯ ಷರತ್ತನ್ನು ನಾನೇ ಮುರಿದು ಬಾಯಾರನ್ನು ಕರೆದೆ. ಏಕೆ ಕರೆದೆ ಎಂದು ಕೇಳುವವರಲ್ಲ ಅವರು, ಅದಕ್ಕೇ ಕರೆದಿದ್ದೆ. ಅವ್ವ ಅವರನ್ನು ಕಂಬದ ಹತ್ತಿರ ಚಾಪೆಯ ಮೇಲೆ ಕೂರಿಸಿದಳು. ಮಾವ ಗೋಡೆಯ ಕಡೆ ತಿರುಗಿ ಪೇಟಿಯ ಗಾಳಿ ಸರಿಮಾಡಿಕೊಂಡ.

ಭಜನೆ ನಮಗೆಲ್ಲ ಗೊತ್ತಿರುವ ರೀತಿಯಲ್ಲಿಯೇ ನಡೆಯಿತು. ಒಬ್ಬರು ಒಂದು ಸಾಲು ಹೇಳಿದರು. ಉಳಿದವರು ಅದನ್ನು ಎತ್ತಿಕೊಂಡು ಎರಡು ಸಲ ಹಾಡಿದರು. ಮತ್ತೆ ಮುಂದಿನ ಸಾಲು. ಬಾಯಾರು ಹಾಡುವವರನ್ನು ನೋಡಲಿಲ್ಲ, ಮಾವನ ಕೈಯನ್ನೇ ನೋಡುತ್ತಿದ್ದರು. ಮಂಗಳಾರತಿ ಮುಗಿದು ಎಲ್ಲರಿಗೂ ಚುರುಮುರಿ ಕೊಡುತ್ತಿದ್ದಾಗ ಅವರು ಅವನ ಹತ್ತಿರ ಹೋಗಿ ಕೇಳಿದರು: "ತಾವು ಪ್ರತಿ ಸಾಲಿನಲ್ಲಿಯೂ ತಡವಾಗಿ ನುಡಿಸುತ್ತೀರಿ. ಏಕೆ?"

ಮಾವನಿಗೆ ಸಿಟ್ಟು ಬಂತು. ಆದರೂ ಮನೆಗೆ ಬಂದವರು. "ತಡಾ ಅಲ್ರಿ ಅದು. ಹೇಳಾವ್ರು ಎಲ್ಲಿಗಿ ಹೊಂಟಾರ ನೋಡ್ಕೊಂಡ ನಾ ಹಿಂದಿಂದ ಹೋಗಬೇಕು. ದನಿ ಮುಂದ, ಪೇಟಿ ಹಿಂದ. ನಾನ ಮುಂದ ಹೋಗಿ ನಿಂತ್ರ ಪೇಟಿ ಮಾಸ್ತರ ಆಗಂಗಿಲ್ಲ, ಹವಾಲ್ದಾರ ಆಗ್ತೀನಿ."

ಬಾಯಾರಿಗೆ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ಚುರುಮುರಿಯ ತಟ್ಟೆಯನ್ನು ಕೆಳಗಿಟ್ಟರು. ತಮ್ಮೂರಿನಲ್ಲಿ ಆರ್ಗನ್ ಮುಂದೆ ನಡೆಯುತ್ತದೆ, ಜನ ಹಿಂದೆ ಬರುತ್ತಾರೆ. ಇಷ್ಟು ವರ್ಷ ತಾನು ಮುಂದೆಯೇ ನಡೆದಿದ್ದೇನೆ ಎಂದರು. ಆಮೇಲೆ ಕನ್ನಡದಲ್ಲಿ, "ಖಾನಾಪುರದಲ್ಲಿ ನಾನು ಹವಾಲ್ದಾರಳು" ಎಂದರು. ಮಾವ ಮೊದಲ ಸಲ ಅವರತ್ತ ನೋಡಿ ನಕ್ಕ.

ಮುಂದಿನ ಶನಿವಾರ ನಾಲ್ಕು ಗುಂಪುಗಳು ಹೋದವು. ಗೋಡೆಯ ಮೇಲಿನ ಅಕ್ಷರಗಳೂ ಹೋದವು. ತಮ್ಮೂರಿನ ರಾಗವನ್ನೂ ಬಾಯಾರು ಬಿಟ್ಟರು. ಭಾದ್ರಪದದಲ್ಲಿ ಒಂದು ದಿನ ಆಯಿಯ ಅಂಗಳದಲ್ಲಿ ಹೆಂಗಸರು ಅವಲಕ್ಕಿ ಕುಟ್ಟುತ್ತ ಹಾಡುತ್ತಿದ್ದರು. ಆಯಿ ಕಟ್ಟೆಯ ಮೇಲೆ ಕೂತು ಸಾಲು ಕೊಡುತ್ತಿದ್ದರು. ಸಾಲಿನ ಕೊನೆಗೆ ದನಿ ಮೇಲೇರಿ ಅಲ್ಲಿಯೇ ತುಸು ತೂಗಿ ಇಳಿಯುತ್ತಿತ್ತು. ಒನಕೆ ಮೇಲೆ ಹೋಗಿ ಕೆಳಗೆ ಬೀಳುವ ತನಕ ಆ ತೂಗು. ಬಾಯಾರು ಬೇಲಿಯ ಹೊರಗೆ ನಿಂತು ಆ ಧಾಟಿಯನ್ನು ಸ್ವರದಲ್ಲಿ ಬರೆದುಕೊಂಡರು. ಆ ಧಾಟಿಗೆ ನಾನು ಸರಳವಾದ ಮಾತು ಹೊಂದಿಸಿದೆ. ಹೊಲಕ್ಕೆ, ಮಳೆಗೆ, ತೆನೆಗೆ ದೇವರಿಗೆ ವಂದನೆ. ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ಆ ಮಾತುಗಳನ್ನು ಅಭ್ಯಾಸದಲ್ಲಿ ಓದಿ ಹೇಳಿ ಎಲ್ಲರಿಗೂ ಬಾಯಿಪಾಠ ಮಾಡಿಸಿದೆ.

ಸಾಲು ಕೊಡುವವರು ಬೇಕಾಗಿತ್ತು. ಆಯಿಯನ್ನು ಮತ್ತೆ ಕೇಳಿದೆ. "ಒಲ್ಲೆ" ಎಂದರು. ಕಿಟಕಿಯ ಪಕ್ಕದ ಹೆಂಗಸನ್ನು ಕೇಳಿದೆ. "ಆಯಿ ಇರೂಮುಂದ ನಾ ಹೆಂಗ್ರಿ?" ಎಂದಳು. ಬಾಯಾರು ನನ್ನನ್ನು ನೋಡಿದರು. ನಾನು ನನ್ನ ಮೊದಲನೆಯ ಷರತ್ತನ್ನು ನೆನಪಿಸಿದೆ. ಅವರು ಎರಡನೆಯ ಸಲ ಕೇಳಲಿಲ್ಲ.

"ಹಾಗಾದರೆ ನಾನೇ ಹಾಡುವೆನು."

ಅವರ ಕೈಗಳು ಬಹಳ ಒಳ್ಳೆಯವು, ಗಂಟಲು ಒಳ್ಳೆಯದಲ್ಲ. ಹರೆಯದಲ್ಲಿ ಯಾವುದೋ ಕಾಯಿಲೆಯಿಂದ ದನಿ ಒಡೆದುಹೋಗಿತ್ತಂತೆ. ಆಮೇಲೆ ಜನರ ಮುಂದೆ ಹಾಡಿಯೇ ಇರಲಿಲ್ಲ. ಈಗ ಪ್ರತಿ ಶನಿವಾರ ರೈಲಿನಲ್ಲಿ, ಹಾಲಿನ ಕ್ಯಾನುಗಳ ನಡುವೆ ಕೂತು ಆ ಸಾಲುಗಳನ್ನು ಹಾಡಿದರು. ಎದುರಿನವರು ಜಾಗ ಬದಲಾಯಿಸಿದರು. ನಾನು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದೆ. ಸಾಲಿನ ಕೊನೆಯ ಆ ತೂಗು ಮಾತ್ರ ಅವರಿಗೆ ಒಲಿಯಲಿಲ್ಲ. ಎಣಿಸಿ ನಿಲ್ಲಿಸಿಬಿಡುತ್ತಿದ್ದರು. ತಮ್ಮೂರಿನಲ್ಲಿ ಪ್ರತಿ ಸ್ವರಕ್ಕೂ ಲೆಕ್ಕವಿದೆ, ಲೆಕ್ಕ ಮುಗಿದ ಮೇಲೆ ದನಿ ಎಳೆಯುವುದು ಸುಳ್ಳು ಹೇಳಿದ ಹಾಗೆ ಎನ್ನುತ್ತಿದ್ದರು. ಹಾಗೆನ್ನುತ್ತಲೇ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಸುಗ್ಗಿ ಹಬ್ಬದ ದಿನ ಚರ್ಚಿನ ಮುಂಭಾಗ ಕಾಣದಷ್ಟು ತುಂಬಿತ್ತು. ಭತ್ತದ ಸಿವುಡು, ಕುಂಬಳಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ. ಆರಾಧನೆಯ ನಂತರ ಇವೆಲ್ಲ ಅಂಗಳದಲ್ಲಿ ಲಿಲಾವಿಗೆ, ಅಂದರೆ ಹರಾಜಿಗೆ, ಹೋಗುತ್ತವೆ. ಕೂಗಿ ಕೊಂಡವರು ಮನೆಗೆ ಒಯ್ಯುತ್ತಾರೆ. ಪಾದ್ರಿಗಳು ಬೆಳಗಿನ ರೈಲಿಗೇ ಬಂದು ಕುರ್ಚಿಯಲ್ಲಿ ಕೂತಿದ್ದರು. ನಾನು ಬಾಗಿಲಿನ ಹತ್ತಿರ ಕೊನೆಯ ಬೆಂಚಿನಲ್ಲಿದ್ದೆ.

ಹಾಡಿನ ಸಮಯ ಬಂದಾಗ ಬಾಯಾರು ಆರ್ಗನ್ನಿನಿಂದ ಎದ್ದರು. ಸಭೆಯ ಎದುರು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆ ಕೈಗಳು ಖಾಲಿ ಇದ್ದದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಮೊದಲ ಸಾಲು ಹಾಡಿದರು. ಒಡೆದ ದನಿ ಗೋಡೆಗೆ ತಾಗಿ ಮರಳಿತು. ಸಾಲಿನ ಕೊನೆಯಲ್ಲಿ ಎಣಿಸಿ ನಿಲ್ಲಿಸಿದರು.

ಯಾರೂ ಎತ್ತಿಕೊಳ್ಳಲಿಲ್ಲ. ಕೋಳಿಯೊಂದು ರೆಕ್ಕೆ ಬಡಿಯಿತು.

ಅವರು ಅದೇ ಸಾಲನ್ನು ಮತ್ತೆ ಹಾಡಿ, ಅಲ್ಲಿಯೇ ನಿಲ್ಲಿಸಿದರು. ಪಾದ್ರಿಗಳು ನೆಲ ನೋಡುತ್ತಿದ್ದರು. ಬಾಯಾರ ಕತ್ತು ಕೆಂಪಾಗಿತ್ತು, ಆದರೆ ಅವರು ಅಲುಗಲಿಲ್ಲ. ಮೂರನೆಯ ಸಲ ಉಸಿರು ತೆಗೆದುಕೊಂಡು ಶುರು ಮಾಡಿದರು.

ಮೊದಲ ಸಾಲಿನಲ್ಲಿ ಎಲೆಯಡಿಕೆಯ ಚೀಲ ಬೆಂಚಿನ ಮೇಲೆ ಬಿದ್ದ ಸದ್ದಾಯಿತು. "ಹಂಗಲ್ರಿ ಬಾಯಾರ" ಎಂದರು ಆಯಿ. ಎದ್ದು ನಿಂತಿದ್ದರು. "ಒನಕಿ ಇನ್ನೂ ಮ್ಯಾಲ ಐತಿ, ನೀವು ಬಾಯಿ ಮುಚ್ಚಿದ್ರಿ. ಹಿಂಗ." ಎಂದು ಹಾಡಿದರು. ಸಾಲಿನ ಕೊನೆಗೆ ದನಿ ಮೇಲೇರಿ, ಅಂಗಳದಲ್ಲಿ ತೂಗಿದಂತೆಯೇ ತೂಗಿ, ಇಳಿಯಿತು.

ಇಳಿದ ಜಾಗದಲ್ಲಿ ಹೆಂಗಸರ ದನಿ ಕಾದಿತ್ತು. ಕಿಟಕಿಯ ಪಕ್ಕದವಳು ಮೊದಲು, ಅವಳ ಹಿಂದೆ ಉಳಿದವರು, ಆಮೇಲೆ ಗಂಡಸರು. ಆಯಿ ತಿದ್ದಲು ಎದ್ದವರು ಕೂರಲು ಮರೆತರು. ಮರಾಠಿ ಸಾಲು ಕೊಟ್ಟರು, ಕನ್ನಡದ ಸಾಲೂ ಕೊಟ್ಟರು. ಇದು ಯಾರ ಹಾಡು ಎಂದು ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಬಾಯಾರು ಸದ್ದಿಲ್ಲದೆ ಆರ್ಗನ್ನಿನ ಮುಂದೆ ಕೂತು ತುಳಿಯತೊಡಗಿದರು. ಮೊದಲ ಸ್ವರ ಆಯಿಯ ದನಿಗಿಂತ ಒಂದಿಷ್ಟು ತಡವಾಗಿ ಬಂತು. ಮುಂದಿನದೂ ತಡವಾಗಿಯೇ.

ಲಿಲಾವಿನ ಗದ್ದಲದಲ್ಲಿ ಪಾದ್ರಿಗಳು ಬಾಯಾರ ಹತ್ತಿರ ಬಂದು, ಕ್ಯಾಂಪಿಗೆ ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದರು. ಬಾಯಾರು ವಂದನೆ ಹೇಳಿದರು. ಆಯಿ ಕುಂಬಳಕಾಯಿಯೊಂದನ್ನು ಕೂಗಿ ಕೊಂಡು ಅವರ ತೋಳಿಗೆ ಹಾಕಿದರು. "ಮುಂದಿನ ಶನಿವಾರ ಲಗೂನ ಬರ್ರಿ. ಒಂದ ಸಾಲಿನ್ಯಾಗ ಎಷ್ಟ ತಪ್ಪು ಮಾಡ್ತೀರಿ, ಯವ್ವಾ."

ಸಂಜೆಯ ರೈಲಿನಲ್ಲಿ ಕುಂಬಳಕಾಯಿ ನಮ್ಮಿಬ್ಬರ ನಡುವೆ ಕೂತಿತ್ತು. ನಾನು ಕೇಳಿದೆ, ಬೇಕೆಂದೇ ತಪ್ಪಾಗಿ ಹಾಡಿದಿರಾ ಎಂದು.

"ಇಲ್ಲ. ನನ್ನಿಂದ ಆಗುವಷ್ಟು ಚೆನ್ನಾಗಿ ಹಾಡಿದೆನು" ಎಂದರು ಬಾಯಾರು. ಸ್ವಲ್ಪ ನೊಂದಿದ್ದರು.

ದೇಸೂರು ಹತ್ತಿರ ಬಂದಾಗ ಅವರು ಆ ಸಾಲನ್ನು ಮತ್ತೆ ಶುರು ಮಾಡಿದರು. ಕೊನೆಗೆ ಬಂದು, ಮನಸ್ಸಿನಲ್ಲಿ ಎಣಿಸಿ, ನಿಲ್ಲಿಸಿದರು. ಮತ್ತೆ ಹಾಡಿದರು, ಮತ್ತೆ ಅಲ್ಲಿಯೇ ನಿಲ್ಲಿಸಿದರು. ನನ್ನ ಷರತ್ತು ಚರ್ಚಿಗೆ ಸಂಬಂಧಿಸಿದ್ದು, ರೈಲಿನ ಬಗ್ಗೆ ನಾನು ಏನೂ ಹೇಳಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು, ಆ ಸಾಲನ್ನು ಅವರಿಗೆ ಮಾತ್ರ ಕೇಳುವ ಹಾಗೆ ಒಂದು ಸಲ ಹಾಡಿ ತೋರಿಸಿದೆ.