ಮೆತ್ತಗೆ ಎನ್ನುತ್ತಿದ್ದ ಸಿಸ್ಟರ್

ತರೀಕೆರೆಯ ಆಸ್ಪತ್ರೆಯೊಂದರಲ್ಲಿ, ದಿನ ತುಂಬದೆ ಹುಟ್ಟಿದ ಮಕ್ಕಳ ಕೋಣೆಗೆ ಒಬ್ಬರು ಸಿಸ್ಟರ್ ಇದ್ದರು. ಬಾಗಿಲನ್ನು ಬೆನ್ನಿನಿಂದ ತಡೆದು ಸದ್ದಾಗದಂತೆ ಮುಚ್ಚುತ್ತಿದ್ದರು. ಔಷಧಿಯ ಟ್ರೇ ಇಡುವ ಮೊದಲು ಅಡಿಗೆ ಬಟ್ಟೆ ಹಾಸುತ್ತಿದ್ದರು. ನಾವು ತಾಯಂದಿರು ಮಾತೆತ್ತಿದರೆ, "ಮೆತ್ತಗೆ ಕಣ್ರಮ್ಮಾ, ಸದ್ದಿಗೆ ಬೆಚ್ಚಿದ್ರೆ ಮಗು ತಲೆಗೆ ಹೋಗೋ ಆಕ್ಸಿಜನ್ ಇಳ್ದ್ಬಿಡುತ್ತೆ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಬುಕ್ಕಾಂಬುಧಿಯಿಂದ ನನ್ನ ಅತ್ತೆ ಬಂದರು. ಅಂಗೈಯಷ್ಟೇ ಇದ್ದ ನನ್ನ ಮಗಳನ್ನು ಸಿಸ್ಟರ್ ಬಟ್ಟೆಯ ಸುರುಳಿಗಳ ನಡುವೆ ತಲೆ ನೇರವಾಗಿಟ್ಟು ಮಲಗಿಸಿದ್ದರು. "ಹಿಂಗೇ ಅಂಗಾತ ಬಿಟ್ರೆ ತಲೆ ಚಪ್ಪಟೆ ಆಗ್ತದೆ ಕಣೇ" ಎಂದ ಅತ್ತೆ, ಊರಲ್ಲಿ ಎಲ್ಲ ಕೂಸುಗಳಿಗೂ ಮಾಡುವಂತೆ, ತಲೆ ಗುಂಡಗಾಗಲೆಂದು ಅವಳ ಕತ್ತನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿಬಿಟ್ಟರು. ಪಕ್ಕದ ಯಂತ್ರದ ಪರದೆಯ ಮೇಲೆ ಆಕ್ಸಿಜನ್ನಿನ ಅಂಕಿ ಇಳಿಯತೊಡಗಿ, ಯಂತ್ರ ಕೂಗಿಕೊಂಡಿತು. "ಅಯ್ಯೋ ಶಿವನೇ" ಎಂದು ಅತ್ತೆ ಕಿರುಚಿದ ಮೇಲೆ ಅಂಕಿ ಇನ್ನೂ ಇಳಿಯಿತು. ಮಗಳ ತುಟಿ ನೀಲಿಗೆ ತಿರುಗುತ್ತಿತ್ತು.

ಸಿಸ್ಟರ್ ಬಂದು ಯಂತ್ರದ ಸದ್ದು ಅಡಗಿಸಿದರು. ಎರಡು ಬೆರಳಿನಿಂದ ಕತ್ತನ್ನು ನೇರ ಮಾಡಿ, ತಲೆಯ ಮೇಲೆ ಅಂಗೈ ಕವುಚಿ ನಿಂತರು. ಅಂಕಿ ಏರಲಿಲ್ಲ. ನನಗೆ ಅಳುವುದಕ್ಕೂ ಭಯವಾಯಿತು. ಆಮೇಲೆ ಒಂದೊಂದಾಗಿ ಏರತೊಡಗಿತು.

ಅತ್ತೆ ಗೋಡೆಗೆ ಅಂಟಿಕೊಂಡು, "ನಾನಿನ್ನು ಮುಟ್ಟಾಕಿಲ್ಲ ಕಣವ್ವಾ" ಎಂದರು.

"ಮುಟ್ದೇ ಇದ್ರೆ ಅಜ್ಜಿ ಯಾರು ಅಂತ ಮಗೂಗೆ ಹೆಂಗೆ ಗೊತ್ತಾಗ್ಬೇಕು? ಬನ್ನಿ" ಎಂದ ಸಿಸ್ಟರ್ ತಮ್ಮ ಕೈ ತೆಗೆದು, ಅದೇ ಜಾಗದಲ್ಲಿ ಅತ್ತೆಯ ಕೈ ಇಟ್ಟರು.

ಗದ್ದೆಯಾಚೆಯವರನ್ನೂ ಕೂಗಿ ಕರೆಯುವ ಅತ್ತೆ ಬರೀ ತುಟಿಯಾಡಿಸಿ ಕೇಳಿದರು, "ತೆಗೀಲಾ?"

ಸಿಸ್ಟರ್ ಬೇಡವೆಂದು ತಲೆಯಾಡಿಸಿದರು.